ಬೊಲಿವಿಯಾಕ್ಕೆ ಹೆಣ್ಣು ಕೊಡುವುದಿಲ್ಲ

ಬಳ್ಳಾರಿ ಇನ್ನೂ ಮದರಾಸಿಗೆ ಸೇರಿದ್ದ ಕಾಲ. ತೆಕ್ಕಲಕೋಟೆ ಬಸ್ಸಿಗೆ ಕಾಯುತ್ತಿದ್ದ ದೊಡ್ಡಬಸಮ್ಮನ ಪಕ್ಕದಲ್ಲೇ ಭೂಗೋಳದ ಮೇಷ್ಟ್ರು ಗಾದಿಲಿಂಗಪ್ಪ ಹೆಣ್ಣು ನೋಡಿ ಬಂದ ಕಥೆಯನ್ನು ಅಕ್ಕನಿಗೆ ಹೇಳುತ್ತಿದ್ದ.

“ಹುಡುಗಿ ಮುಂದ ಏನು ಮಾತಾಡಿದಿ?”

“ಬೊಲಿವಿಯಾ ದೇಶದ್ದು. ಗುಡ್ಡದ ಮ್ಯಾಲೆ ಊರು, ತವರದ ಗಣಿ, ಸಮುದ್ರ ಮಾತ್ರ ಇಲ್ಲ ಅಂದೆ.”

“ಅಯ್ಯ ಶಿವನೇ! ಯಾಕಲೇ?”

“ಪಾಠ ಬಿಟ್ರ ನನಗೇನು ಬರತೈತಿ?”

“ಆಮ್ಯಾಲೆ?”

“ನನಗ ಅಲ್ಲೇ ನೌಕರಿ ಅಂತ ತಿಳಕೊಂಡು ಅವರವ್ವ ಅತ್ತುಬಿಟ್ರು. ಅಷ್ಟು ದೂರ ಮಗಳನ್ನ ಕೊಡಂಗಿಲ್ಲ ಅಂದ್ರು.”

“ಸಿರುಗುಪ್ಪದ ಸಾಲ್ಯಾಗ ಅದೀನಿ ಅನ್ನಬೇಕಿಲ್ಲೋ!”

“ಅದನ್ನ ಹೇಳಾಕನ ಈಗ ನಿನ್ನ ಕರಕೊಂಡು ಕುರುಗೋಡಿಗೆ ಹೊಂಟೀನಿ.”

“ಹುಡುಗಿ ಏನಂದ್ಳು?”

“ಅಲ್ಲಿಂದ ತವರಿಗೆ ಬರಾಕ ಬಸ್ ಐತೇನ್ರಿ ಅಂತ ಕೇಳಿ ನಕ್ಕಳಕ್ಕ.”

ಪಕ್ಕದಲ್ಲಿ ಕೇಳಿಸಿಕೊಳ್ಳುತ್ತಿದ್ದ ದೊಡ್ಡಬಸಮ್ಮ ನಗು ತಡೆಯಲು ಬಾಯಿಗೆ ಸೆರಗು ಹಿಡಿದಳು. ಕುರುಗೋಡಿನ ಬಸ್ ಬಂತು. ಅಕ್ಕ ಗಂಟು ಎತ್ತಿಕೊಳ್ಳುವಷ್ಟರಲ್ಲಿ ಮೇಷ್ಟ್ರು ಹತ್ತಿ ಕೂತಿದ್ದ.