ಬ್ರೇಕ್ ಬಿಟ್ಟವರೇ ಜೊತೆಗಾರರು

ಒಂದೂರು ಅಂದುಕೊಳ್ಳಿ. ಅಲ್ಲೊಬ್ಬ ಬಟ್ಟೆ ಅಂಗಡಿ ಸಾಹುಕಾರ. ಅವನಿಗೊಬ್ಬಳು ಅಕ್ಕ. ಚಿಕ್ಕಂದಿನಲ್ಲಿ ಬಂದ ಜ್ವರಕ್ಕೆ ಕಾಲು ಎರಡೂ ಸೋತಿದ್ದವು. ಗಾಲಿಕುರ್ಚಿ, ಒಂದು ಕಿಟಕಿ, ಗೋಡೆಯ ಮೇಲೊಂದು ಕ್ಯಾಲೆಂಡರ್. ಕ್ಯಾಲೆಂಡರಿನಲ್ಲಿ ಜಿರಾಫೆಯ ಚಿತ್ರ. ವರ್ಷ ಮುಗಿದರೂ ಅಕ್ಕ ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಇಷ್ಟುದ್ದ ಕತ್ತು ನಿಜವಾಗಿ ಇರುತ್ತದೆಯೇ? ಒಂದು ಸಲ ಕಣ್ಣಾರೆ ನೋಡಬೇಕು. ಅವಳಿಗೆ ಇದ್ದದ್ದು ಅದೊಂದೇ ಆಸೆ. ಹನ್ನೊಂದು ವರ್ಷದಿಂದ ಇತ್ತು. ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಒಂದು ದಿನ ಅಂಗಡಿಗೆ ಬಂದ ಗಿರಾಕಿ ಅಂದ, "ಸಾಹುಕಾರ್ರೇ, ಪಟ್ಟಣದ ಮೃಗಾಲಯದಲ್ಲಿ ಅಂಗವಿಕಲರಿಗೆ ಅರ್ಧ ಟಿಕೆಟ್ಟಂತೆ. ನೋಡಿಕೊಳ್ಳೋ ಜೊತೆಗಾರರೊಬ್ಬರಿಗೆ ಪುಕ್ಕಟೆಯಂತೆ."

ಪುಕ್ಕಟೆ. ನೋಡಿ, ಆ ಒಂದು ಮಾತಿಗೆ ಸಾಹುಕಾರನಿಗೆ ಅಕ್ಕನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ನಾಚಿಕೆಯೆಂದು ಬೀರುವಿನ ಅಡಿಗೆ ತುರುಕಿದ್ದ ಅವಳ ಅಂಗವಿಕಲರ ಗುರುತಿನ ಕಾರ್ಡನ್ನು ತಾನೇ ಹುಡುಕಿ, ಧೂಳು ಒರೆಸಿ ತಂದ.

"ಅಕ್ಕಾ, ನಾಳೆ ನಿನ್ನ ಹೊರಗೆ ಕರಕೊಂಡು ಹೋಗ್ತೀನಿ."

ಅಕ್ಕ ಹೆಬ್ಬೆರಳು ಮುಂದೆ ಚಾಚಿದಳು. "ಯಾವ ಪತ್ರಕ್ಕೆ ಒತ್ತಬೇಕಪ್ಪಾ?"

ಕೊನೆಯ ಸಲ ಅವಳು ಹೊಸಿಲು ದಾಟಿದ್ದು ಆಸ್ತಿ ಪತ್ರಕ್ಕೆ ಹೆಬ್ಬೆಟ್ಟು ಒತ್ತೋಕೇ, ಪಾಪ. ಮೃಗಾಲಯಕ್ಕೆ, ಅಲ್ಲಿ ಜಿರಾಫೆಯೂ ಇದೆ ಅಂದಾಗ ಮಾತ್ರ ಅವಳು ಬೆರಳು ಮಡಿಸಿಕೊಂಡಳು. ಆ ರಾತ್ರಿ ನಿದ್ದೆ ಬರಲಿಲ್ಲ.

ಅಕ್ಕನನ್ನು ಎತ್ತಿ ಇಳಿಸಬೇಕಲ್ಲ, ಅದಕ್ಕೆ ಮನೆಕೆಲಸದವಳನ್ನೂ ಕಾರಿಗೆ ಹತ್ತಿಸಿಕೊಂಡ. ಬಾಗಿಲ ತನಕ ಅವಳು, ಒಳಗೆ ತಾನು. ಇದು ಸಾಹುಕಾರನ ಯೋಜನೆ.

ಮೃಗಾಲಯದ ಬಾಗಿಲಲ್ಲಿ ಪದ್ಧತಿ ಏನೆಂದರೆ, ಜೊತೆಗಾರರ ಕೈಗೆ ಒಂದು ಹಸಿರು ಪಟ್ಟಿ ಕಟ್ಟುತ್ತಾರೆ. ಸಾಹುಕಾರ ಚಿನ್ನದ ಗಡಿಯಾರ ಮೇಲೆ ಸರಿಸಿ ಕೈ ಒಡ್ಡಿದ.

ಟಿಕೆಟ್ಟಿನವನು, "ಮುಂದೆ ತಳ್ಳಿ ಸ್ವಾಮಿ, ಹಿಂದೆ ಜನ ಇದಾರೆ," ಅಂದ.

ತಳ್ಳಿದ. ಕುರ್ಚಿ ಜಗ್ಗಲಿಲ್ಲ. ಉಸಿರು ಬಿಗಿಹಿಡಿದು ತಳ್ಳಿದ. ಊಹೂಂ. ಬ್ರೇಕ್ ಹಾಕಿತ್ತು, ನೋಡಿ. ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿದ್ದವನಿಗೆ ಬ್ರೇಕ್ ಎಲ್ಲಿದೆ ಅಂತ ಗೊತ್ತಿಲ್ಲ. ಅಕ್ಕನಿಗೆ ಗೊತ್ತು. ಅವಳು ಆಕಾಶ ನೋಡುತ್ತ ಕೂತಳು. ಕೊನೆಗೆ ಕೆಲಸದವಳು ಬಗ್ಗಿ ಟಕ್ ಅಂತ ಬಿಟ್ಟಳು.

ಟಿಕೆಟ್ಟಿನವನು ಪಟ್ಟಿ ಹಿಡಿದು ಕೇಳಿದ, "ಅಮ್ಮಾ, ನಿಮ್ಮ ಜೊತೆಗಾರರು ಯಾರು? ನೀವೇ ಹೇಳಬೇಕು."

"ಬ್ರೇಕ್ ಬಿಟ್ಟವಳು."

"ಅಕ್ಕಾ, ನಾನು ನಿನ್ನ ತಮ್ಮ ಅಲ್ವಾ?"

"ಅಲ್ಲ ಅಂತ ಯಾರಂದರು? ತಮ್ಮಂದಿರಿಗೆ ಪೂರ್ತಿ ಟಿಕೆಟ್ಟು. ತಗೊಂಡು ಬಾರಪ್ಪ, ಕಾಯ್ತೀವಿ."

ಬಂದನೇ? ಸಾಹುಕಾರ ಅಲ್ಲವೇ. ಕಾಲುನೋವು ಅಂತ ಹೇಳಿ ಹೊರಗೇ ಉಳಿದ.

ಒಳಗೆ ಅಕ್ಕ ಜಿರಾಫೆಯ ಮುಂದೆ ಒಂದು ಗಂಟೆ ಕೂತಳು. ಅದು ನೀರು ಕುಡಿಯಲು ಮುಂಗಾಲು ಎರಡನ್ನೂ ಅಗಲಿಸಿ ಒದ್ದಾಡುವುದನ್ನು ಕಂಡು ಕೆಲಸದವಳಿಗೆ ಅಂದಳು, "ನೋಡೇ, ಅಷ್ಟುದ್ದ ಕಾಲಿದ್ದವರ ಪಾಡೂ ಇಷ್ಟೇ." ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆ ನಗು ಗೋಡೆಯಾಚೆಗೂ ಕೇಳಿಸಿತು. ಸಾಹುಕಾರ ಕತ್ತೆತ್ತಿದ. ಗೋಡೆ ಮೇಲಿಂದ ಜಿರಾಫೆ ಸೊಪ್ಪು ಅಗಿಯುತ್ತ ಅವನನ್ನೇ ನೋಡುತ್ತಿತ್ತು. ಪುಕ್ಕಟೆಗೆ ಅವನಿಗೆ ಸಿಕ್ಕಿದ್ದು ಆ ತಲೆಯೊಂದೇ.

ನಗ್ತಿದೀರಿ. ನಗಿ. ಆದರೆ ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಕಿಟಕಿ ಹತ್ತಿರ ಯಾರು ಕೂತಿದಾರೆ? ಅವರ ಕಾರ್ಡ್ ಯಾವ ಬೀರುವಿನ ಅಡಿಯಲ್ಲಿದೆ? ಮೊದಲು ಅದನ್ನು ಹೊರಗೆ ತೆಗೀರಿ. ಎಲ್ಲಿಗೇ ಹೋದರೂ ಟಿಕೆಟ್ ಕೊಡೋ ಕಡೆ ರಿಯಾಯಿತಿ ಉಂಟೇ ಅಂತ ಬಾಯಿಬಿಟ್ಟು ಕೇಳಿ, ಅದರಲ್ಲಿ ನಾಚಿಕೆ ಏನೂ ಇಲ್ಲ. ಉಳಿದ ಕಾಸಿನಲ್ಲಿ ಅವರಿಗೇ ಎಳನೀರು ಕುಡಿಸಿ. ಆದರೆ ಇದೆಲ್ಲಕ್ಕೂ ಮುಂಚೆ, ಇವತ್ತು ಮನೆಗೆ ಹೋದ ಕೂಡಲೇ ಅವರ ಹತ್ತಿರ ಕೂತು, ಏನು ನೋಡಬೇಕು ಅಂತ ಆಸೆ ಇದೆ ಅಂತ ಕೇಳಿ. ಹಾಗೇ ಬಗ್ಗಿ, ಬ್ರೇಕ್ ಎಲ್ಲಿದೆ ಅಂತಲೂ ನೋಡಿಕೊಳ್ಳಿ.