ಎಡಗಡೆ ಚಕ್ರ

ಶ್! ಬಾಗಿಲು ಎಳ್ಕೊಂಡು ಬಾರೇ ಶಿನೋ. ಕಾಲನ್ನ ಕೊತಾತ್ಸು ಮೇಜಿನ ಹೊದಿಕೆಯೊಳಗಿಡು, ಕೆಳಗಿನ ಒಲೆ ಈಗಷ್ಟೇ ಬಿಸಿ ಏರಿದೆ. ನಾನು ಹೇಳೋದು ಈ ಕೋಣೆ ದಾಟಬಾರದು! ನನ್ನ ಗಂಡನ ತಂಗಿ ಅಂತ ನಿನಗೊಬ್ಬಳಿಗೇ ಹೇಳ್ತಿರೋದು. ನಿಮ್ಮಣ್ಣನ ಫೋಟೋ ಮುಟ್ಟಿ ಆಣೆ ಇಡು... ಬೇಡ ಬೇಡ, ತೀರಿಹೋದವರನ್ನ ಯಾಕೆ ಎಬ್ಬಿಸೋದು. ತಲೆ ಆಡಿಸಿದೆಯಲ್ಲ, ಸಾಕು.

ಪಕ್ಕದ್ಮನೆ ಇವಾಕಿಚಿ ಇದ್ದಾನಲ್ಲ, ಹೆಂಡತಿ ಸತ್ತಮೇಲೆ ಬಾಯಿಗೇ ಬೀಗ ಹಾಕ್ಕೊಂಡವನು... ಸೋಮವಾರ, ಹಾಡಹಗಲಲ್ಲಿ, ಘಾಟಿ ಬುಡದಲ್ಲಿ ಹಿಮದಲ್ಲಿ ಜಾರದ ಹಾಗೆ ಎಲ್ಲರೂ ಚಕ್ರಕ್ಕೆ ಚೈನು ಕಟ್ಟೋ ಜಾಗ ಇದೆಯಲ್ಲ, ಅಲ್ಲಿ, ಒಬ್ಬ ಹೆಂಗಸಿನ ಜೊತೆ! ಇಬ್ಬರೂ ಹಿಮದಲ್ಲಿ ಮಂಡಿಯೂರಿ, ತಲೆಗೆ ತಲೆ ತಾಗಿಸ್ಕೊಂಡು, ಅವನ ಪುಟ್ಟ ಟ್ರಕ್ಕಿನ ಚಕ್ರಕ್ಕೆ ಚೈನು ಸುತ್ತುತಾ ಇದ್ರು ಕಣೇ!

ಯಾರು ಅಂತೀಯಾ? ಮುಖಕ್ಕೆ ಶಾಲು ಸುತ್ಕೊಂಡಿದ್ದಳು, ಗೊತ್ತಾಗಲಿಲ್ಲ. ಆದ್ರೆ ಲಕ್ಷಣವಾಗಿದ್ದಳು. ಯಾಕೆ ನಗ್ತೀಯಾ? ಶಾಲಿನೊಳಗಿದ್ರೂ ಲಕ್ಷಣ ಲಕ್ಷಣಾನೇ!

ಕೇಳು. ಆ ಪೆದ್ದ ಮುಂದಿನ ಚಕ್ರಕ್ಕೆ ಕಟ್ಟೋಕೆ ಹೋದ! ಮೊದಲಿದ್ದ ಕಾರನ್ನ ಮಾರಿದನಲ್ಲ, ಅದನ್ನ ಎಳೀತಿದ್ದದ್ದು ಮುಂದಿನ ಚಕ್ರ, ಅದೇ ಅಭ್ಯಾಸ. 'ಅಯ್ಯೋ, ಈ ಟ್ರಕ್ಕನ್ನ ನೂಕೋದು ಹಿಂದಿನ ಚಕ್ರ, ಹಿಂದಕ್ಕೆ ಕಟ್ಟಿ!' ಅಂತ ಗದರಿದಳು ಅವಳು. ಇಲ್ಲಾಂದ್ರೆ ಮೇಲಿನ ತಿರುವಲ್ಲಿ, ಬಿಸಿಲೇ ಬೀಳದ ಕಡೆ ಗಾಜಿನಂಥ ಐಸಿದೆಯಲ್ಲ, ಇಬ್ಬರೂ ಸೀದಾ ಹೊಳೆಗೆ! ಒಂದಿಷ್ಟು ದೂರ ಹೋಗಿ, ಇಳಿದು, ಸಡಿಲಾಗಿದ್ದ ಚೈನನ್ನ ಮತ್ತೆ ಬಿಗಿದ್ರು. ಇಳಿಜಾರಲ್ಲಿ ಬ್ರೇಕ್ ತುಳೀಬೇಡಿ, ಸಣ್ಣ ಗೇರಲ್ಲೇ ಬಿಡಿ ಅಂತಾನೂ ಅವಳೇ ಹೇಳಿಕೊಟ್ಟಳು. ಆಮೇಲೆ ಬಿಸಿನೀರಿನ ಬುಗ್ಗೆಗೆ ಹೋಗಿ... ಅಲ್ಲಿ ಬೇಯಿಸಿದ ಮೊಟ್ಟೆನ ಅವನೇ ಸುಲಿದು, ಉಪ್ಪು ಹಾಕಿ, ಅವಳ ಕೈಗೆ... ಹಹ್ಹಹ್ಹಾ! ಈ ವಯಸ್ಸಲ್ಲಿ!

ನನಗೆ ಹೇಗೆ ಗೊತ್ತು ಅಂದ್ರೆ? ಬಸ್ಸಲ್ಲಿದ್ದೆ ಕಣೇ. ಕಿಟಕಿಯಿಂದ ಕಂಡಿತು. ಕೇಳಿಸಿತೂ ಕೂಡ... ಕಿಟಕಿ ತೆಗೆದಿದ್ದೆ. ಹೂಂ, ಆ ಚಳಿಯಲ್ಲೇ! ನನಗೆ ಸೆಕೆ ಆಗ್ತಿತ್ತು!

ಏನೇ, ಹಾಗೆ ನೋಡ್ತೀಯಾ?

...ಐಸು ಅಂತ ಸೋಮವಾರ ಬಸ್ಸೇ ಬಿಟ್ಟಿರಲಿಲ್ಲ ಅಂತೀಯಾ?

ಟೀ ಕುಡಿಯೇ, ಆರ್ತಿದೆ. ಉಪ್ಪಿನಕಾಯಿ ತಗೋ. ನನ್ನ ಕೈ ಯಾಕೆ ನೋಡ್ತೀಯಾ? ಎಷ್ಟು ಉಜ್ಜಿದ್ರೂ ಉಗುರಿನ ಗ್ರೀಸು ಹೋಗಲ್ಲ, ಏನು ಮಾಡಲಿ! ಹೌದು, ನಿಮ್ಮಣ್ಣನ ಮರ ಸಾಗಿಸೋ ಲಾರಿಗೆ ಅಷ್ಟು ವರ್ಷ ಚೈನು ಕಟ್ಟಿದ ಕೈ ಇದು. ಈ ಊರಲ್ಲಿ ಹಿಂದಿನ ಚಕ್ರ ಯಾವುದು, ಮುಂದಿನದು ಯಾವುದು ಅಂತ ಬೇರೆ ಯಾವ ಹೆಂಗಸಿಗೆ ಗೊತ್ತು, ಹೇಳು!

ನೀನು ಬೇಡ ಅಂದ್ರೆ ಬೇಡ. ಆದ್ರೆ ಅವನು, ಆ ಬಾಯಿಬೀಗದವನು, ಮೂಗಿನ ತುದಿಗೆ ಹಿಮ ಅಂಟಿಸ್ಕೊಂಡು, ನನ್ನ ಮುಖಕ್ಕೇ ಏನಂದ ಗೊತ್ತಾ?

'ತೊಕಿಯವರೇ, ಒಬ್ಬನೇ ಎರಡೂ ಕಡೆ ಕಟ್ಟೋಕೆ ನನ್ನ ಮಂಡಿ ಕೇಳಲ್ಲ. ಬಲಗಡೆ ಚಕ್ರ ನಾನು ನೋಡ್ಕೊಳ್ತೀನಿ. ಎಡಗಡೇದನ್ನ ಇನ್ನುಮುಂದೆ ಪ್ರತಿ ಚಳಿಗಾಲ ನೀವು ಕಟ್ತೀರಾ? ಈಗಲೇ ಹೇಳಬೇಡಿ. ನಿಮ್ಮ ನಾದಿನಿಯವರನ್ನ ಒಂದು ಮಾತು ಕೇಳ್ಕೊಂಡು ಬನ್ನಿ.'