ಕಟಕಟೆಯಲ್ಲಿ ಅಳದ ಹೆಂಗಸು

ಮಾನ್ಯ ಅಧ್ಯಕ್ಷರೇ, ನನ್ನನ್ನು ನನಗಿಂತ ಚೆನ್ನಾಗಿ ಪರಿಚಯಿಸಿದ ಅತಿಥಿಗಳೇ, ಪುಸ್ತಕ ಓದಿ ಬಂದ ಮತ್ತು ಓದದೆಯೂ ಬಂದ ಸಭಿಕರೇ,

ಹದಿನಾಲ್ಕು ಮುದ್ರಣ ಕಂಡ ಪತ್ತೇದಾರಿ ಕಾದಂಬರಿಗಾಗಿ ನನ್ನನ್ನು ಸನ್ಮಾನಿಸಿದ್ದೀರಿ. ಕಥೆ ಎಲ್ಲಿಂದ ಹುಟ್ಟಿತು ಎಂದು ಎಲ್ಲರೂ ಕೇಳುತ್ತಾರೆ. ಕಲ್ಪನೆ ಎನ್ನುತ್ತಿದ್ದೆ. ಸುಳ್ಳು ಹೇಳುತ್ತಿದ್ದೆ.

ಇಪ್ಪತ್ತಾರು ವರ್ಷ ನಾನು ಕೋರ್ಟಿನಲ್ಲಿ ಬೆರಳಚ್ಚುಗಾರ್ತಿ. ನ್ಯಾಯಾಧೀಶರು ಹೇಳಿದ್ದನ್ನು ಕಿವಿಯಿಂದ ಬೆರಳಿಗೆ ಇಳಿಸುವುದು ಕೆಲಸ. ನಡುವೆ ತಲೆಗೆ ಕೆಲಸವಿಲ್ಲ. ಒಮ್ಮೆ ಒಬ್ಬ ನರ್ಸ್ ಮೇಲೆ, ಬೇಕೆಂದೇ ತಪ್ಪು ಔಷಧ ಕೊಟ್ಟು ರೋಗಿಯನ್ನು ಕೊಂದ ಆರೋಪ ಬಂತು. ಸಾಕ್ಷ್ಯ ಸಾಲದೆಂದು ಬಿಡುಗಡೆಯಾಯಿತು. ತೀರ್ಪನ್ನು ಟೈಪು ಮಾಡಿದವಳು ನಾನೇ, ನಂಬದವಳೂ ನಾನೇ. ಏಕೆ? ಆಕೆ ಕಟಕಟೆಯಲ್ಲಿ ಅಳಲಿಲ್ಲ, ಅಷ್ಟೇ!

ನಿವೃತ್ತಳಾದ ಮೇಲೆ ಆಕೆಯನ್ನು ಇನ್ನೂರು ವರ್ಷ ಹಿಂದಕ್ಕೆ ಕಳಿಸಿ, ಅರಮನೆಯ ಸೂಲಗಿತ್ತಿಯನ್ನಾಗಿ ಮಾಡಿ, ಕೊನೆಯ ಅಧ್ಯಾಯದಲ್ಲಿ ಕೊಲೆಗಾತಿ ಎಂದು ಬರೆದೆ. ಹಸ್ತಪ್ರತಿ ಓದಿದ ನನ್ನ ನಾದಿನಿ, “ಅತ್ತಿಗೆ, ಇವಳೇ ಕೊಂದಳು ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ?” ಎಂದು ಕೇಳಿದಳು. ಮೂರು ವಾರ ನನ್ನದೇ ಪುಟಗಳಲ್ಲಿ ತಡಕಾಡಿದೆ. ಸಿಗಲಿಲ್ಲ. ಅಂದು ಟೈಪು ಮಾಡಿದ ತೀರ್ಪು ನನಗೆ ಅರ್ಥವಾದದ್ದು ಆಗ. ಅಂತ್ಯ ಬದಲಿಸಿದೆ, ಸೂಲಗಿತ್ತಿ ನಿರಪರಾಧಿಯಾದಳು.

ಕಳೆದ ತಿಂಗಳು ಆ ನರ್ಸ್ ಪುಸ್ತಕ ಹಿಡಿದು ನಮ್ಮ ಮನೆ ಬಾಗಿಲಿಗೆ ಬಂದರು. ಎರಡನೇ ಅಧ್ಯಾಯದಲ್ಲೇ, ವಿಚಾರಣೆಯಲ್ಲಿ ಅಳದೆ ನಿಂತ ಸೂಲಗಿತ್ತಿಯಲ್ಲಿ ತಮ್ಮ ಗುರುತು ಸಿಕ್ಕಿತಂತೆ. ಕೂತು, ನೀರು ಕುಡಿದು, ನಿಧಾನವಾಗಿ ಹೇಳಿದರು: “ಹನ್ನೊಂದು ವರ್ಷದಿಂದ ನಮ್ಮತ್ತೆ ನನ್ನ ಕೈಯಿಂದ ಒಂದು ಮಾತ್ರೆ ತಗೊಂಡಿರಲಿಲ್ಲ. ಇದನ್ನ ಓದಿ ಮುಗಿಸಿ, ಮೊನ್ನೆ ಅವರಾಗೇ ಕೈ ಚಾಚಿದ್ರು.”

ಅಲ್ಲಿಗೆ ಸುಮ್ಮನಿರಬಹುದಿತ್ತು, ಅಲ್ಲವೇ? ಆಗಲಿಲ್ಲ. ಮೊದಲು ಬರೆದಿದ್ದ ಅಂತ್ಯವನ್ನೂ, ಸಾಕ್ಷಿಗಾಗಿ ತಡಕಾಡಿದ್ದನ್ನೂ ಹೇಳಿಬಿಟ್ಟೆ. ಅವರು ಲೋಟವನ್ನು ಕೆಳಗಿಟ್ಟರು. ಆಮೇಲೆ, “ಸಾಕ್ಷಿ ಹುಡುಕಿದ್ರಲ್ಲ, ಸಾಕು. ನಮ್ಮ ಬೀದೀಲಿ ಯಾರೂ ಹುಡುಕಲಿಲ್ಲ,” ಎಂದರು.

ಅವರ ಒಪ್ಪಿಗೆ ಪಡೆದೇ ಇದನ್ನು ಹೇಳಿದ್ದೇನೆ. ಎದೆಯ ಮೇಲಿನ ಕಲ್ಲು ಇಳಿದಿದೆ. ಕರೆದವರಿಗೆ, ಕೇಳಿದವರಿಗೆ, ಅಲ್ಲಿ ಹಿಂದಿನ ಸಾಲಿನಲ್ಲಿ ಅತ್ತೆಯ ಕೈ ಹಿಡಿದು ಕೂತವರಿಗೆ, ಋಣಿಯಾಗಿದ್ದೇನೆ. ನಮಸ್ಕಾರ.